ಗೊಬ್ಬರವನ್ನು ಸುಟ್ಟವರು

ಪ್ರಶ್ನೆ: ನಮ್ಮೂರು ಬಳ್ಳಾರಿ ಸೀಮೆಯದು. ಊರಾಚೆ ಒಂದು ಬೂದಿ ದಿಬ್ಬವಿದೆ. ಹಿರಿಯರು ಅದನ್ನು ರಾಕ್ಷಸನನ್ನು ಸುಟ್ಟ ಜಾಗ ಎನ್ನುತ್ತಾರೆ. ದನದ ಸೆಗಣಿ ಸುಟ್ಟ ಬೂದಿ, ಶಿಲಾಯುಗದ್ದು ಎಂದು ಪತ್ರಿಕೆಯೊಂದರಲ್ಲಿ ಓದಿದೆ. ಮನುಷ್ಯ ಮೊದಲು ಬೇಟೆಯಾಡಿದ, ಆಮೇಲೆ ಬೇಸಾಯ ಕಲಿತ, ಬೇಸಾಯದಿಂದ ಹಳ್ಳಿ, ಹಳ್ಳಿಯಿಂದ ಸಮಾಜ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಈ ದಿಬ್ಬ ಆ ಕಥೆಯಲ್ಲಿ ಎಲ್ಲಿ ಬರುತ್ತದೆ? ಬೇಸಾಯ ಗೊತ್ತಿದ್ದವರು ಗೊಬ್ಬರವನ್ನು ಸುಡುತ್ತಾರೆಯೇ? ಕೆಲವರು ಈ ಬೂದಿಯನ್ನು ಗಾಡಿಯಲ್ಲಿ ತುಂಬಿ ಹೊಲಕ್ಕೆ ಹೊಡೆಯುತ್ತಾರೆ, ಅದು ತಪ್ಪೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯೇ ಎಲ್ಲಕ್ಕಿಂತ ಹರಿತವಾದದ್ದು. ಹೊಲ ಉಳುವ ಯಾರನ್ನು ಕೇಳಿದರೂ ತಿಪ್ಪೆಗೆ ಬೆಂಕಿ ಇಡುವವನನ್ನು ಹುಚ್ಚ ಎಂದಾರು. ಬೂದಿ ದಿಬ್ಬಗಳ ಬಗ್ಗೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ನಡೆದ ಚರ್ಚೆಯೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬಂದು ನಿಂತಿದೆ. ಆದರೆ ಅದಕ್ಕೂ ಮೊದಲು ದಿಬ್ಬದಲ್ಲಿರುವುದು ಸೆಗಣಿಯೇ ಎಂದು ಹೇಗೆ ತಿಳಿಯಿತು ಎಂಬುದನ್ನು ನೋಡೋಣ.

ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ, ಕಲಬುರಗಿ ಜಿಲ್ಲೆಗಳಲ್ಲಿ ಮತ್ತು ಪಕ್ಕದ ಆಂಧ್ರ, ತೆಲಂಗಾಣಗಳಲ್ಲಿ ಇಂತಹ ನೂರಕ್ಕೂ ಹೆಚ್ಚು ದಿಬ್ಬಗಳು ಗೊತ್ತಾಗಿವೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಸಿಗುವ ಕುಡತಿನಿಯ ದಿಬ್ಬ ಅವುಗಳಲ್ಲಿ ಹೆಸರಾದದ್ದು. ಬಳ್ಳಾರಿ ಸೀಮೆಯಲ್ಲಿ ಜನ ಇಂತಹ ಬೂದಿಯನ್ನು ಭೀಮ ಕೊಂದ ಹಿಡಿಂಬನದೆಂದರು. ಹಂಪಿಯ ಹತ್ತಿರದ ನಿಂಬಾಪುರದಲ್ಲಿ ಅದು ವಾಲಿಯ ಚಿತೆಯಾಯಿತು. 19ನೇ ಶತಮಾನದಲ್ಲಿ ಈ ಕಡೆ ತಿರುಗಾಡಿದ ಬ್ರಿಟಿಷ್ ಅಧಿಕಾರಿಗಳು ಈ ಕಥೆಗಳನ್ನು ಬರೆದುಕೊಂಡು ಹೋದರು. ಅವರ ಸ್ವಂತ ಊಹೆಗಳೂ ಇವಕ್ಕಿಂತ ಹೆಚ್ಚು ಗಟ್ಟಿಯಾಗಿರಲಿಲ್ಲ. ಬೂದಿಯ ನಡುವೆ ಗಾಜಿನಂತೆ ಕರಗಿ ಹೆಪ್ಪುಗಟ್ಟಿದ, ತೂತು ತೂತಾದ ಗಟ್ಟಿಗಳು ಸಿಗುತ್ತವೆ. ಅದನ್ನು ಕಂಡು ಒಬ್ಬರು ಜ್ವಾಲಾಮುಖಿ ಎಂದರು, ಇನ್ನೊಬ್ಬರು ಲೋಹ ಕರಗಿಸಿದ ಕಿಟ್ಟ ಎಂದರು, ಮತ್ತೊಬ್ಬರು ಸಾಮೂಹಿಕ ಬಲಿಯ ಮಾತೆತ್ತಿದರು. ಸೆಗಣಿ ಎಂದು ಸರಿಯಾಗಿ ಗುರುತಿಸಿದ್ದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೈಗೊಡಲಿಯನ್ನು ಹೆಕ್ಕಿ ಭಾರತದ ಪ್ರಾಗಿತಿಹಾಸಕ್ಕೆ ಬಾಗಿಲು ತೆರೆದವರು ಅವರೇ.

ಅನುಮಾನ ಪೂರ್ತಿ ಕಳೆದದ್ದು 1960ರ ಹೊತ್ತಿಗೆ, ಪುರಾತತ್ವ ವಿಜ್ಞಾನಿ ಫ್ರೆಡರಿಕ್ ಝೋಯ್ನರ್ ಕುಡತಿನಿಯ ಬೂದಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ. ಆ ಗಾಜಿನ ಗುಟ್ಟು ಹುಲ್ಲಿನಲ್ಲಿದೆ. ಹುಲ್ಲಿನ ಎಲೆ ಕಾಂಡಗಳಲ್ಲಿ ಸಿಲಿಕಾದ ಸೂಕ್ಷ್ಮ ಕಣಗಳಿರುತ್ತವೆ. ಕೈಗೆ ಸವರಿದರೆ ಕೊಯ್ಯುವುದು ಅದರಿಂದಲೇ. ದನದ ಹೊಟ್ಟೆಯಲ್ಲಿ ಅದು ಜೀರ್ಣವಾಗದೆ ಸೆಗಣಿಯಲ್ಲಿ ಉಳಿಯುತ್ತದೆ. ಒಣಗಿದ ಸೆಗಣಿ ರಾಶಿಯಾಗಿ, ಕಾವು ಹೊರಗೆ ಹೋಗದಂತೆ ದೀರ್ಘಕಾಲ ಉರಿದರೆ ಆ ಸಿಲಿಕಾ ಬೂದಿಯ ಕ್ಷಾರದೊಡನೆ ಸೇರಿ ಕರಗುತ್ತದೆ, ತಣಿದಾಗ ಗಾಜಾಗುತ್ತದೆ. ಹಿತ್ತಲಲ್ಲಿ ನಾಲ್ಕು ಕುಳ್ಳು ಉರಿಸಿದರೆ ಇದು ಆಗುವುದಿಲ್ಲ.

ಇದೇ ಹೊತ್ತಿಗೆ ಬ್ರಿಟಿಷ್ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಈಗ ತೆಲಂಗಾಣದಲ್ಲಿರುವ ಉಟ್ನೂರಿನ ದಿಬ್ಬವನ್ನು ಅಗೆದರು. ಬೂದಿಯ ಅಡಿಯಲ್ಲಿ ಮರದ ಕಂಬ ನೆಟ್ಟ ಗುಳಿಗಳು ಸಾಲಾಗಿ ಸಿಕ್ಕವು. ಅದು ಬೇಲಿ ಹಾಕಿದ ದೊಡ್ಡಿ. ಬೇಲಿಯೊಳಗಿನ ನೆಲದಲ್ಲಿ ದನಗಳ ಗೊರಸಿನ ಗುರುತುಗಳು ಹಾಗೆಯೇ ಅಚ್ಚೊತ್ತಿದ್ದವು. ದೊಡ್ಡಿ ಒಂದು ಸಲ ಸುಟ್ಟುಹೋಗಿ ಪಾಳುಬಿದ್ದದ್ದಲ್ಲ. ಅದಕ್ಕೆ ಮತ್ತೆ ಮತ್ತೆ ಬೆಂಕಿ ಬಿದ್ದಿದೆ, ಅದೇ ಜಾಗದಲ್ಲಿ ಮತ್ತೆ ಮತ್ತೆ ಬೇಲಿ ಎದ್ದಿದೆ. ಬೂದಿಯ ಮೇಲೆ ಹೊಸ ದೊಡ್ಡಿ, ಅದರಲ್ಲಿ ಹೊಸ ಸೆಗಣಿ, ಅದಕ್ಕೆ ಮತ್ತೆ ಬೆಂಕಿ. ಈ ಕೆಲಸ ಕ್ರಿ.ಪೂ. 3ನೇ ಸಹಸ್ರಮಾನದ್ದು. ಸಿಂಧೂ ಕಣಿವೆಯಲ್ಲಿ ಹರಪ್ಪ, ಮೊಹೆಂಜೊದಾರೊ ನಗರಗಳು ತಲೆಯೆತ್ತಿ ಮೆರೆಯುತ್ತಿದ್ದ ಕಾಲವೂ ಅದೇ.

ಇನ್ನು ಶಾಲೆಯ ಕಥೆ. ಬೇಟೆ, ಬೇಸಾಯ, ಹಳ್ಳಿ, ನಗರ ಎಂಬ ಆ ಏಣಿಯನ್ನು ಗಟ್ಟಿಯಾಗಿ ನಿಲ್ಲಿಸಿದವರು ಪುರಾತತ್ವಜ್ಞ ಗಾರ್ಡನ್ ಚೈಲ್ಡ್. ನವಶಿಲಾಯುಗದ ಕ್ರಾಂತಿ ಎಂಬ ಅವರ ಮಾತು 1930ರ ದಶಕದಿಂದ ಪಠ್ಯಪುಸ್ತಕಗಳಲ್ಲಿ ಬೇರೂರಿದೆ. ಅವರ ಕಣ್ಣೆದುರು ಇದ್ದದ್ದು ಮುಖ್ಯವಾಗಿ ಪಶ್ಚಿಮ ಏಷ್ಯಾ: ಗೋಧಿ, ಬಾರ್ಲಿ, ಮಣ್ಣಿನ ಗೋಡೆಯ ಮನೆಗಳು. ಅಲ್ಲಿಯೂ ಆ ಏಣಿ ಈಗ ಅಲುಗಾಡುತ್ತಿದೆ. ಟರ್ಕಿಯ ಗ್ಯೋಬೆಕ್ಲಿ ತೆಪೆಯಲ್ಲಿ ಕ್ರಿ.ಪೂ. 9500ರ ಸುಮಾರಿನಿಂದ ಟನ್‌ಗಟ್ಟಲೆ ತೂಕದ ಕೆತ್ತಿದ ಕಂಬಗಳನ್ನು ನಿಲ್ಲಿಸಿದವರು ಕಾಡಿನ ಧಾನ್ಯ ಕೂಡಿಸುತ್ತಾ ಬೇಟೆಯಾಡುತ್ತಾ ಬದುಕಿದ್ದವರು. ಸಾಕಿದ ದನವಾಗಲಿ ಬಿತ್ತಿದ ಪೈರಾಗಲಿ ಅಲ್ಲಿ ಸಿಕ್ಕಿಲ್ಲ. ನಮ್ಮ ಕಡೆ ಬಲೂಚಿಸ್ತಾನದ ಹಳೆಯ ಬೇಸಾಯದ ನೆಲೆ ಮೆಹರ್‌ಗಢಕ್ಕೆ ಮಾತ್ರ ಚೈಲ್ಡ್ ಅವರ ಕಥೆ ತಕ್ಕಮಟ್ಟಿಗೆ ಹೊಂದುತ್ತದೆ. ದಖನ್ನಿನ ದಕ್ಷಿಣ ಭಾಗಕ್ಕೆ ಅದು ಹೊಂದುವುದೇ ಇಲ್ಲ. ಇಲ್ಲಿ ಜನರನ್ನು ಒಟ್ಟುಗೂಡಿಸಿದ್ದು ಹೊಲವಲ್ಲ, ದನ. ಸ್ಥಿರವಾದ ಊರುಗಳು ನೆಲೆಗೊಳ್ಳುವ ಮೊದಲೇ ನೂರಾರು ಜನ ಸೇರುವ ತಾಣಗಳು ಹುಟ್ಟಿಕೊಂಡಿದ್ದವು. ನಿಮ್ಮೂರಿನ ದಿಬ್ಬ ಅಂತಹ ತಾಣದ ಅವಶೇಷ ಎಂಬುದು ನನ್ನ ತಿಳಿವಳಿಕೆ.

ಮನುಷ್ಯರು ಈ ನೆಲಕ್ಕೆ ದನದ ಹಿಂದೆಯೇ ಬಂದರೆಂದು ಇದರರ್ಥವಲ್ಲ. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಸುಣ್ಣಕಲ್ಲಿನ ಚಪ್ಪಡಿ ಒಡೆದು ಕೈಗೊಡಲಿ ಮಾಡಿದ ಹಳೆ ಶಿಲಾಯುಗದ ಕಾರ್ಯಾಗಾರ ಸಿಕ್ಕಿದೆ. ಅದರ ಕಾಲವನ್ನು ಸುಮಾರು 12 ಲಕ್ಷ ವರ್ಷಗಳಷ್ಟು ಹಿಂದಕ್ಕೆ ಲೆಕ್ಕಹಾಕಿದ್ದಾರೆ. ಅಲ್ಲಿ ಕಲ್ಲು ಒಡೆದವರು ನಮ್ಮ ಜೀವಪ್ರಭೇದದ ಮನುಷ್ಯರೇ ಅಲ್ಲ, ನಮಗಿಂತ ಹಿಂದಿನವರು. ಕರ್ನೂಲು ಕಡೆಯ ಜ್ವಾಲಾಪುರಂನಲ್ಲಿಯೂ ನೆಲದಡಿ ದಪ್ಪನೆಯ ಬೂದಿಯ ಪದರವಿದೆ. ಅದನ್ನೂ ಇದನ್ನೂ ಕಲಸಿಕೊಳ್ಳಬೇಡಿ. ಅದು ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಸಿಡಿದಾಗ ಗಾಳಿಯಲ್ಲಿ ತೇಲಿಬಂದ ಬೂದಿ. ಹೀಗೆ ಬೇಟೆಗಾರರು ಇಲ್ಲಿ ಬಹುಕಾಲದಿಂದ ಇದ್ದರು. ಕ್ರಿ.ಪೂ. 3000ದ ಸುಮಾರಿಗೆ ಈ ಚಿತ್ರದೊಳಕ್ಕೆ ಡುಬ್ಬದ ದನ, ಕುರಿ, ಆಡುಗಳು ಬರುತ್ತವೆ. ಕುರಿ ಆಡುಗಳ ಮೂಲ ಪಶ್ಚಿಮ ಏಷ್ಯಾ, ಆದ್ದರಿಂದ ಅವು ಹೊರಗಿನಿಂದ ಬಂದವೇ ಸರಿ. ಡುಬ್ಬದ ದನವನ್ನು ಬಹಳ ಮೊದಲೇ ಪಳಗಿಸಿದ ಪುರಾವೆ ಮೆಹರ್‌ಗಢದ್ದು. ಮಂದೆ ಹೊಡೆದುಕೊಂಡು ಹೊಸಬರು ಬಂದರೋ, ಇಲ್ಲಿಯ ಬೇಟೆಗಾರರೇ ನೆರೆಯವರಿಂದ ದನ ಪಡೆದು ಸಾಕಲು ಕಲಿತರೋ ಎಂಬ ಜಗಳ ಮುಗಿದಿಲ್ಲ. ಎರಡೂ ನಡೆದಿರಬಹುದು ಎನ್ನುವವರ ಪಕ್ಷದಲ್ಲಿ ನಾನಿದ್ದೇನೆ.

ಈ ದನಗಾಹಿಗಳು ಹೇಗೆ ಬದುಕಿದರು? ಆಲ್ಚಿನ್ ಅವರ ಪ್ರಕಾರ ದೊಡ್ಡಿಗಳು ಕಾಡಿನಂಚಿನ ಬಿಡಾರಗಳು. ಋತುವಿಗೆ ತಕ್ಕಂತೆ ಮಂದೆಯೊಡನೆ ಬಂದು ತಂಗಿ, ಹುಲ್ಲು ನೀರು ಮುಗಿದಾಗ ಮುಂದಕ್ಕೆ ಹೋಗುವ ಜನ ಅವರು. ಪುರಾತತ್ವಜ್ಞ ಕೆ. ಪದ್ದಯ್ಯ ಇದನ್ನು ಒಪ್ಪಲಿಲ್ಲ. 1990ರ ದಶಕದಲ್ಲಿ ಅವರು ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆದಾಗ ದಿಬ್ಬದ ಪಕ್ಕದಲ್ಲಿಯೇ ಜನ ವಾಸವಿದ್ದ ಹಟ್ಟಿ ಸಿಕ್ಕಿತು. ಮನೆಗಳ ನೆಲ, ಒಲೆ, ಕಲ್ಲಿನ ಅಲಗುಗಳನ್ನು ಮಾಡುತ್ತಿದ್ದ ಜಾಗ, ಮಡಕೆಯಲ್ಲಿಟ್ಟು ಹೂಳಿದ ಮಕ್ಕಳ ಮೂಳೆಗಳು ಎಲ್ಲವೂ ಅಲ್ಲಿದ್ದವು. ಕೂಸನ್ನು ಮಡಕೆಯಲ್ಲಿಟ್ಟು ಮನೆಯ ನೆಲದಡಿ ಹೂಳುವವರು ನಾಳೆ ಗಂಟು ಕಟ್ಟಿಕೊಂಡು ಹೊರಡುವವರಲ್ಲ. ಎಲ್ಲ ದಿಬ್ಬಗಳಿಗೂ ಒಂದೇ ಕಥೆ ಅನ್ವಯಿಸಬೇಕೆಂಬ ಹಟವೇ ತಪ್ಪು ಎನ್ನುವುದು ನನ್ನ ನಿಲುವು. ಕೆಲವು ಬಿಡಾರಗಳು, ಕೆಲವು ಹಟ್ಟಿಗಳು. ಬಿಡಾರವಾಗಿ ಆರಂಭವಾಗಿ ಹಟ್ಟಿಯಾದವೂ ಇರಬೇಕು.

ಬೂದಿಹಾಳದ ಇನ್ನೊಂದು ಶೋಧದ ಬಳಿ ಸ್ವಲ್ಪ ನಿಲ್ಲಬೇಕು. ಅಲ್ಲಿ ದನಗಳನ್ನು ಕಡಿದು ಹಂಚಿದ, ತುಳಿದು ಗಟ್ಟಿಯಾದ ವಿಶಾಲವಾದ ನೆಲ ಸಿಕ್ಕಿದೆ. ಅದರ ಮೇಲೆ ದನದ ಎಲುಬುಗಳ ರಾಶಿ, ನಡುವೆ ಕೊಯ್ಯುವ ಕಲ್ಲಿನ ಉಪಕರಣಗಳು. ಇದನ್ನು ಓದಿ ಕೆಲವರಿಗೆ ಇರಿಸುಮುರಿಸಾಗಬಹುದು. ಆದರೆ ನಾಲ್ಕು ಸಾವಿರ ವರ್ಷದ ಎಲುಬಿಗೆ ನಮ್ಮ ಇಂದಿನ ವಾದಗಳ ಪರಿಚಯವಿಲ್ಲ. ಇಲ್ಲಿ ಲೆಕ್ಕ ಬಹಳ ಸರಳವಾದದ್ದು. ಬೆಳೆದ ದನ ಒಂದರಿಂದ ನೂರು ಕಿಲೋ ಆಸುಪಾಸಿನ ಮಾಂಸ ಸಿಗುತ್ತದೆ. ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಅದನ್ನು ಒಂದು ಸಂಸಾರ ಕೆಡದ ಹಾಗೆ ತಿಂದು ಮುಗಿಸುವುದು ಆಗದ ಮಾತು. ದನ ಕಡಿಯಬೇಕಾದರೆ ತಿನ್ನಲು ಹತ್ತಾರು ಮನೆಯವರಿರಬೇಕು. ಇವತ್ತು ನಮ್ಮ ಮನೆಯದಾದರೆ ಮುಂದಿನ ಸಲ ನಿಮ್ಮ ಮನೆಯದು ಎಂಬ ಕೊಡುಕೊಳ್ಳುವಿಕೆ ಇರಬೇಕು. ಯಾರಿಗೆ ಯಾವ ಭಾಗ, ಯಾರು ಮೊದಲು, ಯಾರು ಕೊನೆಗೆ ಎಂಬ ಕಟ್ಟಳೆಯೂ ಹುಟ್ಟಿಕೊಳ್ಳುತ್ತದೆ. ಹಂಚಿ ತಿನ್ನುವ ಕಡೆ ಋಣವಿರುತ್ತದೆ, ಋಣವಿದ್ದ ಕಡೆ ನೆಂಟಸ್ತಿಕೆ ಬೆಳೆಯುತ್ತದೆ. ತಳಿಗೆ ಹೋರಿ ಬೇಕು, ಮಕ್ಕಳಿಗೆ ಗಂಡು ಹೆಣ್ಣು ನೋಡಬೇಕು, ಮೇವಿನ ಜಾಗಕ್ಕಾಗಿ ಎದ್ದ ಜಗಳ ತೀರಬೇಕು. ಇವೆಲ್ಲಕ್ಕೂ ವರ್ಷಕ್ಕೊಮ್ಮೆಯಾದರೂ ಒಂದು ಕಡೆ ಸೇರಲೇಬೇಕು. ಸಮಾಜ ಎಂದು ನೀವು ಕೇಳಿದ್ದು ಇದನ್ನೇ ಅಲ್ಲವೇ?

ಈಗ ಬೆಂಕಿಯ ಪ್ರಶ್ನೆಗೆ ಬರೋಣ. ಒಂದು ವಿವರಣೆ ಸ್ವಚ್ಛತೆಯದು. ತಿಂಗಳುಗಟ್ಟಲೆ ದನ ಕಟ್ಟಿದ ದೊಡ್ಡಿಯಲ್ಲಿ ಉಣ್ಣೆ, ನೊಣ, ರೋಗ ತಪ್ಪಿದ್ದಲ್ಲ. ಸುಟ್ಟರೆ ನೆಲ ಚೊಕ್ಕವಾಗುತ್ತದೆ. ಒಪ್ಪಬಹುದಾದ ಮಾತೇ. ಆದರೆ ಅಷ್ಟೇ ಉದ್ದೇಶವಾಗಿದ್ದರೆ ಬೂದಿಯನ್ನು ಒಂದೇ ಕಡೆ ಎತ್ತರಕ್ಕೆ ಬೆಳೆಯಲು ಬಿಡುವ ಅಗತ್ಯವಿರಲಿಲ್ಲ. ಸಿಲಿಕಾ ಕರಗುವ ಮಟ್ಟದ ಬೆಂಕಿಯನ್ನು ಬೇಕೆಂದೇ ಹಾಕಬೇಕು: ಸೆಗಣಿ ಒಣಗಬೇಕು, ಅದನ್ನು ಒಟ್ಟಬೇಕು, ಕಾಯಬೇಕು. ಆದ್ದರಿಂದ ಇದು ಆಚರಣೆ, ದಿಬ್ಬಗಳು ಬೇಕೆಂದೇ ಬೆಳೆಸಿದ ಸ್ಮಾರಕಗಳು ಎನ್ನುವವರಿದ್ದಾರೆ. ಬಯಲಿನಲ್ಲಿ ರಾತ್ರಿಯಿಡೀ ಉರಿಯುವ ಅಂತಹ ಬೆಂಕಿ ಹರದಾರಿಗಳಾಚೆಗೂ ಕಾಣುತ್ತದೆ. ನಮ್ಮಲ್ಲಿ ಎಷ್ಟು ದನಗಳಿವೆ, ಎಷ್ಟು ಜನರಿದ್ದೇವೆ ಎಂದು ನೆರೆಯವರಿಗೆ ಸಾರಲು ಬೇರೆ ಡಂಗುರ ಬೇಕಿಲ್ಲ. ದೊಡ್ಡಿ ಚೊಕ್ಕ ಮಾಡುವ ಕೆಲಸವೇ ತಲೆಮಾರುಗಳಲ್ಲಿ ಹಬ್ಬವಾಯಿತೆಂದು ನನಗೆ ತೋರುತ್ತದೆ. ಕೆಲಸವೊಂದು ಹಬ್ಬವಾಗುವುದು ನಮಗೇನೂ ಅಪರಿಚಿತವಲ್ಲ.

ಸಂಕ್ರಾಂತಿಗೆ ಮೈಸೂರು, ಮಂಡ್ಯ ಕಡೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ನೀವು ನೋಡಿರಬಹುದು. ಆಲ್ಚಿನ್ ಕೂಡ ದೊಡ್ಡಿಯ ಬೆಂಕಿಗೂ ಇಂತಹ ಹಬ್ಬಗಳಿಗೂ ನಂಟು ಹಾಕಿದ್ದರು. ಹೋಲಿಕೆ ಮನಸ್ಸಿಗೆ ಹಿಡಿಸುತ್ತದೆ, ನಿಜ. ಆದರೆ ನಡುವೆ ಮೂರೂವರೆ ಸಾವಿರ ವರ್ಷಗಳ ಅಂತರವಿದೆ. ಅದನ್ನು ದಾಟಿಸುವ ಕೊಂಡಿ ಒಂದೂ ಕೈಗೆ ಸಿಗದೆ ಇದೇ ಅದು ಎಂದು ಹೇಳಲು ನಾನು ಸಿದ್ಧನಿಲ್ಲ.

ಗೊಬ್ಬರ ಸುಟ್ಟವರಿಗೆ ಬೇಸಾಯ ಗೊತ್ತಿತ್ತೇ? ಗೊತ್ತಿತ್ತು. ಆದರೆ ಅದು ನಾವು ಊಹಿಸುವ ಬೇಸಾಯವಲ್ಲ. ಅಗೆದ ಮಣ್ಣನ್ನು ನೀರಿನಲ್ಲಿ ಕಲಕಿದರೆ ಸುಟ್ಟು ಕರಿಕಾದ ಕಾಳುಗಳು ಮೇಲೆ ತೇಲುತ್ತವೆ. ಹಳೆಯ ಬೆಳೆಗಳನ್ನು ಅಧ್ಯಯನ ಮಾಡುವ ಪುರಾತತ್ವಜ್ಞ ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಹೀಗೆ ಸೋಸಿ ತೆಗೆದ ಕಾಳುಗಳಲ್ಲಿ ಮುಖ್ಯವಾದವು ಹುರುಳಿ, ಹೆಸರು, ಕೊರಲೆ ಮತ್ತು ನವಣೆಯ ಜಾತಿಗೆ ಸೇರಿದ ಒಂದು ಕಿರುಧಾನ್ಯ. ಇವು ಹೊರಗಿನಿಂದ ತಂದವಲ್ಲ, ಈ ದಕ್ಷಿಣದ ಒಣ ಕಾಡುಗಳ ಆಸುಪಾಸಿನಲ್ಲಿಯೇ ಪಳಗಿದವು. ತುಮಕೂರು, ಚಿತ್ರದುರ್ಗದ ಕಡೆ ಸಿರಿಧಾನ್ಯವೆಂದು ಈಚೆಗೆ ಮತ್ತೆ ಬೆಲೆ ಬಂದಿರುವ ಕೊರಲೆ ಆ ದನಗಾಹಿಗಳ ಹೊತ್ತಿನ ಊಟ. ನಾವು ತಲತಲಾಂತರದ್ದೆಂದು ಬೀಗುವ ರಾಗಿಯ ತವರು ಆಫ್ರಿಕಾ. ಸಜ್ಜೆ, ಜೋಳಗಳೂ ಅಲ್ಲಿಂದಲೇ ಆಮೇಲೆ ಬಂದವು. ಗೋಧಿ, ಬಾರ್ಲಿ ಉತ್ತರದಿಂದ ಕ್ರಿ.ಪೂ. 1900ರ ಸುಮಾರಿಗೆ ಇಳಿದು ಬಂದರೂ ಪಕ್ಕದ ಬೆಳೆಗಳಾಗಿಯೇ ಉಳಿದವು. ಅವಕ್ಕೆ ಚಳಿಗಾಲದಲ್ಲಿ ನೀರು ಬೇಕು. ನಮ್ಮದು ಮುಂಗಾರಿನ ನೆಲ.

ಹುರುಳಿ, ಹೆಸರುಗಳು ದ್ವಿದಳ. ಅವುಗಳ ಬೇರಿನ ಗಂಟುಗಳೇ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ಕೊರಲೆ ಬಡ ನೆಲದಲ್ಲಿಯೂ ಮೂರು ತಿಂಗಳೊಳಗೆ ಕೈಗೆ ಬರುತ್ತದೆ. ಭೂಮಿ ಬೇಕಾದಷ್ಟಿತ್ತು, ಬಿತ್ತುವ ತುಂಡು ಚಿಕ್ಕದಿತ್ತು. ಅಂತಹ ಬೇಸಾಯಕ್ಕೆ ತಿಪ್ಪೆಗೊಬ್ಬರದ ಹಂಗಿರಲಿಲ್ಲ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು: ಗೊಬ್ಬರದ ಬೆಲೆ ತಿಳಿಯದೆ ಅವರು ಸುಡಲಿಲ್ಲ, ಅವರ ಬದುಕಿನಲ್ಲಿ ಸೆಗಣಿಯ ಬೆಲೆ ಬೇರೆ ಕಡೆ ಇತ್ತು.

ಈ ವ್ಯವಸ್ಥೆ ಶಾಶ್ವತವಾಗಿರಲಿಲ್ಲ. ಬಳ್ಳಾರಿಯ ಪಕ್ಕದ ಸಂಗನಕಲ್ಲು, ಕಪ್ಪಗಲ್ಲುಗಳಲ್ಲಿ ಈ ಬದಲಾವಣೆ ಚೆನ್ನಾಗಿ ಕಾಣುತ್ತದೆ. 1940ರ ದಶಕದಲ್ಲಿ ಬಿ. ಸುಬ್ಬರಾವ್ ಅಲ್ಲಿ ಅಗೆದರು; ಈಚಿನ ದಶಕಗಳಲ್ಲಿ ರವಿ ಕೋರಿಶೆಟ್ಟರ್, ನಿಕೋಲ್ ಬೋಯ್ವಿನ್, ಫುಲ್ಲರ್ ತಂಡ ಮತ್ತೆ ಕೆಲಸ ಮಾಡಿತು. ಅಲ್ಲಿ ಕ್ರಿ.ಪೂ. 1700ರ ಸುಮಾರಿಗೆ ಬೂದಿ ದಿಬ್ಬಗಳ ಕಾಲ ಮುಗಿಯುತ್ತದೆ. ಜನ ಗುಡ್ಡದ ಮೇಲೆ, ಬಂಡೆಗಳ ನಡುವಿನ ಸಮತಟ್ಟಿನಲ್ಲಿ ದುಂಡನೆಯ ತಡಿಕೆ ಗೋಡೆಯ ಗುಡಿಸಲು ಕಟ್ಟಿ ನೆಲೆ ನಿಲ್ಲುತ್ತಾರೆ. ಬೀಸುವ ಕಲ್ಲುಗಳು ಹೆಚ್ಚುತ್ತವೆ, ಕಾಳಿನ ಬಗೆಗಳೂ ಹೆಚ್ಚುತ್ತವೆ. ಈಗ ನಾವು ಹಳ್ಳಿ ಎನ್ನಬಹುದಾದದ್ದು ಕಾಣಿಸಿಕೊಳ್ಳುತ್ತದೆ. ಶಾಲೆಯ ಏಣಿಯಲ್ಲಿ ಹಳ್ಳಿ ಮೊದಲು, ಜನ ಕೂಡಿ ನಡೆಸುವ ದೊಡ್ಡ ಕೆಲಸಗಳು ಆಮೇಲೆ. ಇಲ್ಲಿ ಕೂಡುವುದು ಮೊದಲಾಯಿತು, ನೆಲೆಸುವುದು ತಲೆಮಾರುಗಳ ನಂತರ.

ಅಲ್ಲಿಯ ಹಿರೇಗುಡ್ಡದಲ್ಲಿ ಇನ್ನೂ ಒಂದು ಹೆಜ್ಜೆ ಕಾಣುತ್ತದೆ. ಬೂದು ಗ್ರಾನೈಟ್ ಗುಡ್ಡವನ್ನು ಸೀಳಿಕೊಂಡು ಡಾಲರೈಟ್ ಎಂಬ ಕಪ್ಪು ಕಲ್ಲಿನ ಪಟ್ಟೆ ಹಾದುಹೋಗಿದೆ. ಕೊಡಲಿಗೆ ಹೇಳಿ ಮಾಡಿಸಿದ ಕಲ್ಲು ಅದು. ಮೊದಲು ಚಕ್ಕೆ ಎಬ್ಬಿಸಿ ಆಕಾರ ಕೊಡುವುದು, ಆಮೇಲೆ ಸಣ್ಣಗೆ ಕುಟ್ಟಿ ಉಬ್ಬುತಗ್ಗು ತೆಗೆಯುವುದು, ಕೊನೆಗೆ ನೀರು ಹಾಕಿಕೊಂಡು ಬಂಡೆಗೆ ಉಜ್ಜಿ ಅಲಗು ತರುವುದು. ಉಜ್ಜಿ ಉಜ್ಜಿ ಸವೆದ ದೋಣಿಯಾಕಾರದ ಗುಳಿಗಳು ಬಂಡೆಗಳಲ್ಲಿ ಈಗಲೂ ಇವೆ. ಬೆರಳಾಡಿಸಿದರೆ ನುಣುಪು ಹತ್ತುತ್ತದೆ. ಕ್ರಿ.ಪೂ. 1400ರ ಹೊತ್ತಿಗೆ ಈ ಕೆಲಸ ಮನೆಬಳಕೆಯನ್ನು ಮೀರಿ ಬೆಳೆದಿತ್ತು. ಅಲ್ಲಿ ಬಿದ್ದಿರುವ ಚಕ್ಕೆಗಳ ರಾಶಿ ಊರವರ ಅಗತ್ಯಕ್ಕೆ ಎಷ್ಟೋ ಪಾಲು ಹೆಚ್ಚು. ಕೊಡಲಿಗಳು ಹೊರಗೆ ಹೋಗುತ್ತಿದ್ದವು, ಅದರಲ್ಲೇ ನುರಿತ ಕೈಗಳು ಹುಟ್ಟಿಕೊಂಡಿದ್ದವು.

ಅದೇ ಗುಡ್ಡದ ಕಪ್ಪು ಬಂಡೆಗಳ ಮೇಲೆ ಉದ್ದ ಕೊಂಬಿನ, ಡುಬ್ಬದ ದನಗಳನ್ನು ಕುಟ್ಟಿ ಬಿಡಿಸಿದ ಚಿತ್ರಗಳಿವೆ. ಕೆಲವು ಬಂಡೆಗಳಲ್ಲಿ ಚಿತ್ರವಿಲ್ಲ, ಬರಿಯ ಕುಟ್ಟಿದ ಗುಳಿಗಳು. ಅಲ್ಲಿ ಕಲ್ಲಿನಿಂದ ಹೊಡೆದರೆ ಬಂಡೆ ಗಂಟೆಯಂತೆ ನಾದ ಕೊಡುತ್ತದೆ. ಬೆಂಕಿ, ಊಟ, ನಾದ ಮೂರೂ ಇದ್ದ ಜಾಗದಲ್ಲಿ ಜಾತ್ರೆ ಇರಲಿಲ್ಲವೆಂದು ನಂಬುವುದು ನನಗೆ ಕಷ್ಟ.

ಮೇಲು ಕೀಳು ಯಾವಾಗ ಬಂತು ಎಂದು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನವಶಿಲಾಯುಗದ ಸಮಾಧಿಗಳಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಅಂತಹ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ದನದ ಸಂಖ್ಯೆಯಲ್ಲಿ ಹೆಚ್ಚುಕಡಿಮೆ ಇದ್ದಿರಬೇಕು, ಆದರೆ ದನ ಸಾಯುತ್ತದೆ, ಬರ ಬಂದರೆ ಉಳ್ಳವನೂ ಬರಿಗೈಯಾಗುತ್ತಾನೆ. ಕಬ್ಬಿಣ ಬಂದ ನಂತರದ ಬೃಹತ್ ಶಿಲಾ ಸಮಾಧಿಗಳಲ್ಲಿ ಚಿತ್ರ ಬದಲಾಗುತ್ತದೆ. ಗಂಗಾವತಿ ಬಳಿಯ ಹಿರೇಬೆಣಕಲ್ಲಿನಲ್ಲಿ ಚಪ್ಪಡಿ ನಿಲ್ಲಿಸಿ ಕಟ್ಟಿದ ನೂರಾರು ಶಿಲಾಮನೆಗಳಿವೆ. ಜನ ಆ ಗುಡ್ಡವನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಅಲ್ಲಿ ಒಬ್ಬೊಬ್ಬರಿಗಾಗಿ ಅಷ್ಟೊಂದು ಮಂದಿ ಚಪ್ಪಡಿ ಎಳೆದು ನಿಲ್ಲಿಸಿದ್ದಾರೆ. ಹಾಗೆ ಎಳೆಸಬಲ್ಲವರು ಯಾರು, ಎಳೆಯಬೇಕಾದವರು ಯಾರು ಎಂಬ ಭೇದ ಅಷ್ಟು ಹೊತ್ತಿಗೆ ಬಂದಾಗಿತ್ತು.

ಕೊನೆಯ ಪ್ರಶ್ನೆ: ಬೂದಿಯನ್ನು ಹೊಲಕ್ಕೆ ಹೊಡೆಯುವುದು. ಹೊಲಕ್ಕೆ ಅದರಿಂದ ಲಾಭವಿರಬಹುದು, ಬೂದಿಯಲ್ಲಿ ಪೊಟ್ಯಾಶ್, ರಂಜಕ ಇರುತ್ತವೆ. ಹಾಗಾಗಿ ನಿಮ್ಮೂರಿನವರನ್ನು ನಾನು ಬೈಯುವುದಿಲ್ಲ. ಆದರೆ ದಿಬ್ಬದಿಂದ ನಾವು ಕಲಿಯುವುದೆಲ್ಲ ಅದರ ಪದರಗಳ ಕ್ರಮದಿಂದ. ಯಾವ ಬೂದಿಯ ಕೆಳಗೆ ಯಾವ ಗೊರಸಿನ ಗುರುತು, ಯಾವ ಪದರದಲ್ಲಿ ಯಾವ ಕಾಳು ಎಂಬುದೇ ಅಲ್ಲಿಯ ದಾಖಲೆ. ಹಾರೆ ಬಿದ್ದ ಮೇಲೆ ಉಳಿಯುವುದು ಬರಿಯ ಬೂದಿ. ಬೂದಿ ಸಾಗಿಸುವುದಕ್ಕಿಂತ ದೊಡ್ಡ ಹಾನಿ ಈಗ ಗ್ರಾನೈಟ್ ಗಣಿಗಾರಿಕೆಯಿಂದ ಆಗುತ್ತಿದೆ. ಸಂಗನಕಲ್ಲಿನ ಸುತ್ತಮುತ್ತಲೇ ಚಿತ್ರವಿದ್ದ ಬಂಡೆಗಳು ಜಲ್ಲಿಯಾಗಿ ಹೋಗಿವೆ. ನಿಮ್ಮ ದಿಬ್ಬದ ನಾಲ್ಕು ಕಡೆಯಿಂದಲೂ ಫೋಟೊ ತೆಗೆದು, ಸರ್ವೆ ನಂಬರಿನೊಡನೆ ರಾಜ್ಯ ಪುರಾತತ್ವ ಇಲಾಖೆಗೆ ಒಂದು ಅರ್ಜಿ ಬರೆಯಿರಿ, ಪಂಚಾಯಿತಿಗೂ ಒಂದು ಪ್ರತಿ ಕೊಡಿ. ಪಕ್ಕದ ಹೊಲ ಉಳುವಾಗ ನುಣುಪಾದ ಕಪ್ಪು ಕೊಡಲಿ ಸಿಕ್ಕರೆ ಎಲ್ಲಿ ಸಿಕ್ಕಿತೆಂದು ಬರೆದಿಡಿ. ಜಾಗ ಗೊತ್ತಿಲ್ಲದ ಕೊಡಲಿಯಿಂದ ತಿಳಿಯುವುದು ತೀರಾ ಕಡಿಮೆ. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯವಿದೆ. ಮಕ್ಕಳನ್ನು ಕರೆದುಕೊಂಡು ಮೊದಲು ಅಲ್ಲಿಗೆ ಹೋಗಿ, ಆಮೇಲೆ ನಿಮ್ಮೂರಿನ ದಿಬ್ಬ ಹತ್ತಿಸಿ.